ಮೃದುಸ್ಪರ್ಶವೂ ವಿಶ್ರಾಂತಿಯೂ

ಮನೆವಾರ್ತೆ, ಉದ್ಯೋಗ, ಮಕ್ಕಳ ವಿದ್ಯಾಭ್ಯಾಸ, ವೃದ್ಧರ ಶುಶ್ರೂಷೆ ಇವೆಲ್ಲವನ್ನೂ ಹೊತ್ತು ನಡೆಯುವ ಸ್ತ್ರೀಯರಲ್ಲಿ ಅನೇಕರು ರಾತ್ರಿ ಹಾಸಿಗೆಯನ್ನು ಸೇರಿದರೂ ವಿಶ್ರಾಂತಿಯನ್ನು ಪಡೆಯಲಾರರು. ಮೈ ಮಲಗಿರುತ್ತದೆ, ಆದರೆ ಹಣೆ ಬಿಗಿದಿರುತ್ತದೆ, ದವಡೆ ಕಚ್ಚಿರುತ್ತದೆ, ಕುತ್ತಿಗೆ ಸೆಟೆದಿರುತ್ತದೆ. ಇಂಥ ಬಳಲಿಕೆಗೆ ಶಮನೋಪಾಯವೆಂದು ಕ್ರೇನಿಯೋಸೇಕ್ರಲ್ ಎಂಬ ಹಸ್ತಚಿಕಿತ್ಸೆಯ ಹೆಸರು ಈಗ ಕೇಳಿಬರುತ್ತಿದೆ. ಅದು ಏನು, ಎಲ್ಲಿ ಹುಟ್ಟಿತು, ಅದರಿಂದ ಎಷ್ಟರ ಮಟ್ಟಿಗೆ ಪ್ರಯೋಜನವುಂಟು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿವರಿಸಲು ಇಲ್ಲಿ ಯತ್ನಿಸುವೆವು.

ಕ್ರೇನಿಯಮ್ ಎಂದರೆ ತಲೆಬುರುಡೆ. ಸೇಕ್ರಮ್ ಎಂದರೆ ಬೆನ್ನೆಲುಬಿನ ಬುಡದಲ್ಲಿ ಐದು ಮಣಿಗಳು ಬೆಸೆದು ಒಂದಾಗಿರುವ ತ್ರಿಕಾಸ್ಥಿ. ಮನುಷ್ಯನ ತಲೆಯಲ್ಲಿ ಸಾಮಾನ್ಯವಾಗಿ 22 ಎಲುಬುಗಳಿರುತ್ತವೆ. ಅವುಗಳಲ್ಲಿ 8 ಎಲುಬುಗಳು ಮಿದುಳನ್ನು ಸುತ್ತಿಕೊಂಡು, ಬಡಗಿಯು ಹಲ್ಲಿಗೆ ಹಲ್ಲು ಕೂಡಿಸಿದ ಹಲಗೆಗಳಂತೆ ಒಂದಕ್ಕೊಂದು ಸೇರಿಕೊಂಡಿವೆ. ಒಳಗೆ ಮಿದುಳನ್ನು ಹೊದೆದಿರುವ ಪೊರೆಗಳಲ್ಲಿ ಹೊರಗಿನದು ಗಟ್ಟಿಯಾದದ್ದು. ಅದು ಬೆನ್ನುಹುರಿಯನ್ನೂ ಆವರಿಸಿಕೊಂಡು ತ್ರಿಕಾಸ್ಥಿಯವರೆಗೆ ಇಳಿಯುತ್ತದೆ. ಪೊರೆಗಳ ನಡುವೆ ತಿಳಿನೀರಿನಂಥ ದ್ರವವುಂಟು. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರು. ದಿನವೊಂದಕ್ಕೆ ಸುಮಾರು 500 ಮಿಲಿಲೀಟರು ಹೊಸದಾಗಿ ಉತ್ಪನ್ನವಾಗಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಇಷ್ಟು ಅಂಗರಚನಾಶಾಸ್ತ್ರದ ನಿರ್ವಿವಾದವಾದ ಸಂಗತಿ.

ಈ ಚಿಕಿತ್ಸೆಯ ಮೂಲವು ಅಮೇರಿಕಾ ದೇಶದ್ದು. ಅಲ್ಲಿ ಆಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು ಕೈಗಳಿಂದಲೇ ಎಲುಬು, ಸ್ನಾಯುಗಳನ್ನು ಸರಿಪಡಿಸುವ ಆಸ್ಟಿಯೋಪಥಿ ಪದ್ಧತಿಯನ್ನು ಸ್ಥಾಪಿಸಿ, 1892ರಲ್ಲಿ ಮಿಸ್ಸೂರಿ ಪ್ರಾಂತದ ಕರ್ಕ್ಸ್‌ವಿಲ್ ಎಂಬಲ್ಲಿ ಅದಕ್ಕೆ ಶಾಲೆಯನ್ನು ತೆರೆದರು. ಆ ಶಾಲೆಯ ವಿದ್ಯಾರ್ಥಿಯಾದ ವಿಲಿಯಂ ಗಾರ್ನರ್ ಸದರ್ಲೆಂಡ್ ಎಂಬವರು ಬಿಡಿಸಿಟ್ಟ ತಲೆಬುರುಡೆಯನ್ನು ನೋಡುತ್ತ, ಕಿವಿಯ ಬಳಿಯ ಎಲುಬುಗಳ ಅಂಚು ಮೀನಿನ ಕಿವಿರಿನಂತೆ ಓರೆಯಾಗಿರುವುದನ್ನು ಕಂಡು, ಇವು ಉಸಿರಾಟದಂಥ ಒಂದು ಚಲನೆಗಾಗಿಯೇ ರಚಿತವಾಗಿರಬಹುದೆಂದು ಊಹಿಸಿದರು. ತಮ್ಮ ತಲೆಯ ಮೇಲೆಯೇ ಅನೇಕ ಪ್ರಯೋಗಗಳನ್ನು ನಡೆಸಿ, 1939ರಲ್ಲಿ ಈ ವಿಚಾರವನ್ನು ಗ್ರಂಥರೂಪವಾಗಿ ಪ್ರಕಟಿಸಿದರು. ಆ ಮೇಲೆ ಜಾನ್ ಅಪ್‌ಲೆಡ್ಜರ್ ಎಂಬ ವೈದ್ಯರು 1970ರ ದಶಕದಲ್ಲಿ ಇದನ್ನು ವಿಸ್ತರಿಸಿ, 1985ರಲ್ಲಿ ಫ್ಲಾರಿಡಾದಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿ, ವೈದ್ಯರಲ್ಲದವರಿಗೂ ಕಲಿಸತೊಡಗಿದರು. ಅಲ್ಲಿಂದ ಇದು ಅನೇಕ ದೇಶಗಳಿಗೆ ಹರಡಿತು.

ಚಿಕಿತ್ಸೆಯ ಕ್ರಮವು ಬಹು ಸರಳವಾದದ್ದು. ಎಣ್ಣೆ ಹಚ್ಚುವುದಿಲ್ಲ, ತಿಕ್ಕುವುದಿಲ್ಲ, ನೆಟಿಗೆ ಮುರಿಯುವುದಿಲ್ಲ. ಉಟ್ಟ ಬಟ್ಟೆಯಲ್ಲಿಯೇ ಅಂಗಾತ ಮಲಗಿದವರ ತಲೆಯ ಕೆಳಗೆ, ಹಣೆಯ ಮೇಲೆ, ಸೊಂಟದ ಬುಡದಲ್ಲಿ, ಪಾದಗಳಲ್ಲಿ ಚಿಕಿತ್ಸಕರು ಕೈಗಳನ್ನು ಹಗುರವಾಗಿ ಇಟ್ಟುಕೊಂಡು ಕೆಲವು ನಿಮಿಷ ಸುಮ್ಮನಿರುತ್ತಾರೆ. ಒತ್ತಡವು ಸುಮಾರು 5 ಗ್ರಾಮು, ಅಂದರೆ ಒಂದು ಚಹಾ ಚಮಚೆ ನೀರಿನ ಭಾರಕ್ಕಿಂತ ಹೆಚ್ಚಿರಬಾರದೆಂದು ಕಲಿಸುವರು. ಒಂದು ಸಲದ ಚಿಕಿತ್ಸೆಯು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಒಳಗಿನ ದ್ರವವು ನಿಮಿಷಕ್ಕೆ 6ರಿಂದ 12 ಸಾರಿ ಏರಿಳಿಯುವ ಲಯವನ್ನು ತಮ್ಮ ಬೆರಳುಗಳು ಗ್ರಹಿಸುತ್ತವೆಂದೂ, ಆ ಲಯದ ತೊಡಕನ್ನು ಬಿಡಿಸಿದರೆ ದೇಹವು ತಾನೇ ಸ್ವಸ್ಥವಾಗುವುದೆಂದೂ ಅವರು ಹೇಳುವರು.

ಈ ಮಾತು ಪರೀಕ್ಷೆಯಲ್ಲಿ ನಿಂತಿತೇ? ದ್ರವವು ಹೃದಯದ ಬಡಿತಕ್ಕೂ ಉಸಿರಿಗೂ ಅನುಸಾರವಾಗಿ ಚಲಿಸುವುದು ನಿಜ. ಆದರೆ ಇವೆರಡಕ್ಕೂ ಬೇರೆಯಾದ ಒಂದು ಲಯವು ಬೆರಳಿಗೆ ಸಿಕ್ಕುತ್ತದೆಂಬುದು ಸಿದ್ಧವಾಗಿಲ್ಲ. 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಇದನ್ನು ಕಲಿತವರಿಬ್ಬರಲ್ಲಿ ಒಬ್ಬರು ತಲೆಯನ್ನೂ ಮತ್ತೊಬ್ಬರು ಪಾದಗಳನ್ನೂ ಏಕಕಾಲದಲ್ಲಿ ಹಿಡಿದು ಲಯವನ್ನು ಎಣಿಸಿದರು. ಒಂದೇ ದೇಹವಾದರೂ ಎಣಿಕೆಗಳು ಹೊಂದಲಿಲ್ಲ. ವಯಸ್ಕರ ತಲೆಯ ಎಲುಬುಗಳು ಇಷ್ಟು ಹಗುರವಾದ ಕೈಗೆ ಸರಿದಾಡುವುವೆಂಬುದಕ್ಕೂ ಆಧಾರವಿಲ್ಲ. ಗುಣದ ವಿಷಯದಲ್ಲಿಯೂ ಫಲಿತಾಂಶಗಳು ಒಂದೇ ತೆರನಾಗಿಲ್ಲ. 2016ರಲ್ಲಿ ಪ್ರಕಟವಾದ, ಜರ್ಮನಿಯಲ್ಲಿ ಬಹುಕಾಲದ ಕುತ್ತಿಗೆನೋವಿನ 54 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಬರಿಯ ತೋರಿಕೆಯ ಸ್ಪರ್ಶವನ್ನು ಪಡೆದವರಿಗಿಂತ ಈ ಚಿಕಿತ್ಸೆ ಪಡೆದವರಿಗೆ ಹೆಚ್ಚು ಉಪಶಮನ ಕಂಡಿತು. ಆದರೆ ಹಲವು ಪ್ರಯೋಗಗಳನ್ನು ಕೂಡಿಸಿ ತೂಗಿದ 2024ರ ವಿಮರ್ಶೆಯು ಇದರಲ್ಲಿ ಗಣನೀಯವಾದ ಗುಣವನ್ನು ಕಾಣಲಿಲ್ಲ.

ಹಾಗಾದರೆ ಅನೇಕರು ಎದ್ದು ಕುಳಿತು, “ಮನಸ್ಸು ಹಗುರವಾಯಿತು” ಎಂದು ಹೇಳುವುದು ಸುಳ್ಳೇ? ಸುಳ್ಳಲ್ಲ. ಅನುಭವವು ಬೇರೆ, ಅದಕ್ಕೆ ಕೊಡುವ ಕಾರಣವು ಬೇರೆ. ಕರೆಯುವವರಿಲ್ಲದ, ಸದ್ದಿಲ್ಲದ ಕೋಣೆಯಲ್ಲಿ ಒಂದು ಗಂಟೆಯ ಕಾಲ ಸುಮ್ಮನೆ ಮಲಗುವ ಅವಕಾಶ ಎಷ್ಟು ಮಂದಿ ತಾಯಂದಿರಿಗೆ ದೊರೆಯುತ್ತದೆ? ಆ ನಿಶ್ಚಲತೆಯಲ್ಲಿ ಉಸಿರು ನಿಧಾನವಾಗುತ್ತದೆ, ಬಿಗಿದ ಸ್ನಾಯುಗಳು ಸಡಿಲುತ್ತವೆ, ದೇಹವನ್ನು ಓಟಕ್ಕೆ ಸಿದ್ಧಪಡಿಸುವ ನರವ್ಯೂಹವು ಹಿಂದೆಗೆದು ವಿಶ್ರಾಂತಿಯ ನರವ್ಯೂಹವು ಮುಂದಾಗುತ್ತದೆ. ನಂಬಿಕೆಯಿಂದ ಒಪ್ಪಿಕೊಂಡ ಮೃದುವಾದ ಕೈ ಇದಕ್ಕೆ ಸಹಾಯಮಾಡುತ್ತದೆ. ತಲೆಯನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿಯ ಕೈ ಯಾವ ಸಿದ್ಧಾಂತವನ್ನೂ ಅರಿಯದೆ ಮೊಮ್ಮಕ್ಕಳನ್ನು ನಿದ್ದೆಗೆ ಒಯ್ಯುವುದಿಲ್ಲವೇ?

ಆದುದರಿಂದ ವಿಶ್ರಾಂತಿಗಾಗಿ ಇದನ್ನು ಬಯಸುವವರನ್ನು ನಾವು ತಡೆಯಲಾರೆವು. ಆದರೆ ರೋಗಕ್ಕೆ ಔಷಧವೆಂದು ಇದನ್ನು ನೆಚ್ಚಬಾರದೆಂದು ಖಂಡಿತವಾಗಿ ಹೇಳುವೆವು. ಒಮ್ಮೆಲೇ ಸಿಡಿಲಿನಂತೆ ಎರಗಿದ ತಲೆನೋವು, ಜ್ವರದೊಡನೆ ಕುತ್ತಿಗೆಯ ಸೆಡೆತ, ಮಾತಿನ ತೊದಲು, ಕೈಕಾಲಿನ ಬಲಹೀನತೆ, ದೃಷ್ಟಿಯ ಮಬ್ಬು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವವಾದವರು, ಅಲ್ಲಿನ ರಕ್ತನಾಳ ಉಬ್ಬಿದೆಯೆಂದು ತಿಳಿದವರು ಈ ಚಿಕಿತ್ಸೆಯಿಂದ ದೂರವಿರತಕ್ಕದ್ದು. ಹಸುಗೂಸುಗಳ ನೆತ್ತಿ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ ಕೂಡಿಕೊಳ್ಳುತ್ತದೆ. ಅಲ್ಲಿಯವರೆಗೂ ತಲೆಯನ್ನು ಸರಿಪಡಿಸುವೆವೆಂದು ಯಾರು ಬಂದರೂ ಮಗುವನ್ನು ಅವರ ಕೈಗೆ ಒಪ್ಪಿಸಬೇಡಿರಿ. ನಿದ್ರಾಹೀನತೆ ಅಥವಾ ದುಗುಡವು ವಾರಗಟ್ಟಲೆ ಬಿಡದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ನಡೆಯುತ್ತಿರುವ ಔಷಧವನ್ನು ನಿಲ್ಲಿಸೆಂದು ಹೇಳುವ ಚಿಕಿತ್ಸಕರ ಬಳಿಗೆ ಎರಡನೆಯ ಸಾರಿ ಹೋಗಬೇಡಿರಿ.

ಹಣವ್ಯಯವಿಲ್ಲದೆ ಮನೆಯಲ್ಲಿಯೂ ಈ ವಿಶ್ರಾಂತಿಯ ಒಂದು ಪಾಲನ್ನು ಪಡೆಯಬಹುದು. ದೀಪವನ್ನು ತಗ್ಗಿಸಿ, ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಕೆಳಗೆ ದಿಂಬನ್ನಿಟ್ಟುಕೊಂಡು, ಹತ್ತು ನಿಮಿಷ ಉಸಿರನ್ನು ನೀಳವಾಗಿ ಬಿಡುತ್ತಿರಿ. ಮಗಳಾಗಲಿ, ಅಕ್ಕತಂಗಿಯರಾಗಲಿ ನಿಮ್ಮ ಒಪ್ಪಿಗೆಯನ್ನು ಕೇಳಿ, ಅಂಗೈಗಳನ್ನು ಬೆಚ್ಚಗೆ ಮಾಡಿಕೊಂಡು, ಹಣೆಯ ಮೇಲೆ ಒತ್ತದೆ ಇಟ್ಟುಕೊಂಡು ಕುಳಿತಿರಲಿ. ಸಾಕೆಂದೊಡನೆ ಕೈ ತೆಗೆಯಲಿ. ಮರುದಿನ ನೀವು ಆಕೆಗೆ ಅದೇ ಉಪಕಾರವನ್ನು ಮಾಡಿರಿ. ಮನೆಯವರನ್ನೆಲ್ಲ ಸಂತೈಸುವ ಕೈಗಳಿಗೂ ಒಮ್ಮೊಮ್ಮೆ ಸಂತೈಕೆ ಬೇಕೆಂಬುದನ್ನು ಮನೆಯವರೆಲ್ಲರೂ ಅರಿತರೆ, ಈ ಲೇಖನದ ಉದ್ದೇಶವು ನೆರವೇರಿದಂತೆ ಎಣಿಸುವೆವು.