ಋಣ ವರ್ಗವಾದ ಮೇಲೆ ಉಳಿದ ಕಾರ್ಡು

ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಬೆಳೆದು ನಿಂತ ಬಾಕಿಯನ್ನು, ಕೆಲವು ತಿಂಗಳ ಮಟ್ಟಿಗೆ ಅಲ್ಪವಾದ ಬಡ್ಡಿಯನ್ನು ಮಾತ್ರ ಕೇಳುವ ಮತ್ತೊಂದು ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸಿಕೊಂಡ ಗೃಹಸ್ಥನಿಗೆ ಮೊದಲು ಆಗುವುದು ನೆಮ್ಮದಿ. ಅದರ ಬೆನ್ನಿಗೇ ಏಳುವುದು, ಬರಿದಾದ ಹಳೆಯ ಕಾರ್ಡನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆ. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ 80,000 ರೂಪಾಯಿಗೆ ಬಡ್ಡಿ 2,800 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 3,304 ರೂಪಾಯಿ, ಅಸಲಿನಲ್ಲಿ ಒಂದು ಕಾಸೂ ಕರಗದಂತೆ ಮಾಸಮಾಸವೂ ಕೈಬಿಟ್ಟುಹೋಗುತ್ತಿದ್ದುದನ್ನು ಕಂಡವನು, ಆ ಕಾರ್ಡನ್ನು ಅಂದೇ ಕತ್ತರಿಸಿ ಎಸೆಯಲು ಬಯಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೂ ಕಿಂಚಿತ್ ತಾಳಬೇಕು. ಬಡ್ಡಿಯು ದಿನದಿನದ ಲೆಕ್ಕದಲ್ಲಿ ಬೆಳೆಯತಕ್ಕದ್ದಾದುದರಿಂದ, ಹಿಂದಿನ ಬಿಲ್ಲಿನ ತಾರೀಖಿನಿಂದ ಹೊಸ ಬ್ಯಾಂಕಿನ ಹಣ ಬಂದು ಜಮೆಯಾದ ದಿನದವರೆಗಿನ ಬಡ್ಡಿಯು ಮುಂದಿನ ಬಿಲ್ಲಿನಲ್ಲಿ ತಲೆಯೆತ್ತುವುದುಂಟು. ಬಾಕಿ ಶೂನ್ಯವಾಯಿತೆಂದು ನಂಬಿ ಬಿಲ್ಲನ್ನೇ ನೋಡದವನಿಗೆ ಈ ಸಣ್ಣ ಮೊತ್ತವು ವಿಳಂಬ ಶುಲ್ಕವನ್ನೂ, ಸಾಲದ ವರದಿಯಲ್ಲೊಂದು ಕಲೆಯನ್ನೂ ತಂದೊಡ್ಡಬಲ್ಲುದು. ವಿಮೆಯ ಕಂತು, ದೂರವಾಣಿಯ ಬಿಲ್ಲು ಮೊದಲಾದುವು ಆ ಕಾರ್ಡಿನಿಂದ ತಾವಾಗಿಯೇ ಪಾವತಿಯಾಗುತ್ತಿದ್ದರೆ ಅವನ್ನೂ ಬೇರೆಡೆಗೆ ತಿರುಗಿಸಬೇಕು.

ಕಾರ್ಡನ್ನು ಇಟ್ಟುಕೊಳ್ಳಬೇಕೆನ್ನುವವರು ಮುಂದಿಡುವ ಮುಖ್ಯ ಕಾರಣ ಸಾಲದ ಅಂಕದ್ದು. ನಮ್ಮ ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು 300ರಿಂದ 900ರವರೆಗಿನ ಈ ಅಂಕವನ್ನು ಗಣಿಸುವಾಗ, ದೊರೆತ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆಯೆಂಬುದನ್ನೂ ಗಮನಿಸುತ್ತವೆ. ಹಳೆಯ ಕಾರ್ಡಿನ ಮಿತಿ 1,50,000, ಹೊಸದರದು 1,00,000, ವರ್ಗವಾದ ಬಾಕಿ 80,000 ಎಂದಿಟ್ಟುಕೊಳ್ಳೋಣ. ಎರಡೂ ಇದ್ದಾಗ ಬಳಕೆ ಶೇಕಡಾ 32. ಹಳೆಯದನ್ನು ಮುಚ್ಚಿದೊಡನೆ ಅದೇ ಸಾಲವು ಶೇಕಡಾ 80 ಆಗಿಬಿಡುತ್ತದೆ. ಸದ್ಯದಲ್ಲೇ ಗೃಹಸಾಲಕ್ಕೆ ಅರ್ಜಿ ಹಾಕಲಿರುವವನು ಇದನ್ನು ಅಲಕ್ಷಿಸಲಾಗದು. ಆದರೆ ಮುಚ್ಚಿದ ಕಾರ್ಡಿನ ಚರಿತ್ರೆಯೆಲ್ಲ ತತ್‌ಕ್ಷಣ ಅಳಿದುಹೋಗುವುದೆಂಬ ಭಯ ನಿರಾಧಾರವಾದುದು. ಈ ಸಂಸ್ಥೆಗಳು ಮಾಹಿತಿಯನ್ನು ಕನಿಷ್ಠ 7 ವರ್ಷ ಕಾಪಾಡಬೇಕೆಂಬ ನಿಯಮವಿದೆ.

ಹಳೆಯ ಕಾರ್ಡಿನ ಪರವಾಗಿ ಇನ್ನೂ ಒಂದು ಮಾತುಂಟು. ವರ್ಗವಾದ ಬಾಕಿಯನ್ನು ಹೊತ್ತ ಹೊಸ ಕಾರ್ಡಿನಿಂದ ಸಾಮಾನು ಕೊಂಡರೆ, ಹಲವು ಬ್ಯಾಂಕುಗಳಲ್ಲಿ ಆ ಖರೀದಿಗೆ ಬಡ್ಡಿಯಿಲ್ಲದ ಅವಧಿ ದೊರೆಯದೆ, ಕೊಂಡ ದಿನದಿಂದಲೇ ಪೂರ್ಣದರದ ಬಡ್ಡಿ ಬೀಳುತ್ತದೆ. ಸಂಪೂರ್ಣವಾಗಿ ತೀರಿದ ಹಳೆಯ ಕಾರ್ಡಿಗಾದರೋ ಆ ಸೌಲಭ್ಯ ಮರಳಿ ಬಂದಿರುತ್ತದೆ; ಕಾರ್ಡಿನಿಂದಲೇ ಕೊಳ್ಳಬೇಕಾದ ಅನಿವಾರ್ಯವಿದ್ದು, ಬಿಲ್ಲನ್ನು ಪೂರ್ತಿಯಾಗಿ ತೀರಿಸಬಲ್ಲವನು ಹಳೆಯದನ್ನೇ ಬಳಸುವುದು ಯುಕ್ತ.

ಇಷ್ಟಾದರೂ, ನನ್ನ ಅಭಿಪ್ರಾಯದಲ್ಲಿ, ಅಂಕಕ್ಕಿಂತ ಮೊದಲು ವಿಚಾರಿಸಬೇಕಾದುದು ಆ ಸಾಲ ಹುಟ್ಟಿದ ಬಗೆಯನ್ನು. ಆಸ್ಪತ್ರೆಯ ಖರ್ಚಿನಿಂದಲೋ ಕೆಲಸ ಹೋದುದರಿಂದಲೋ ಒಮ್ಮೆ ಒದಗಿದ ಋಣವಾಗಿದ್ದು, ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲದಿದ್ದರೆ, ಅದನ್ನು ಬೀರುವಿನಲ್ಲಿಟ್ಟು ಅಪರೂಪಕ್ಕೆ ಬಳಸುತ್ತಿದ್ದರೆ ಸಾಕು. ಒಂದು ವರ್ಷಕ್ಕೂ ಹೆಚ್ಚು ಬಳಸದ ಕಾರ್ಡನ್ನು ಬ್ಯಾಂಕು ನೋಟಿಸು ಕೊಟ್ಟು, 30 ದಿನದೊಳಗೆ ಉತ್ತರ ಬರದಿದ್ದರೆ, ತಾನೇ ಮುಚ್ಚಬಹುದು. ಹಾಗಲ್ಲದೆ, ಕೈಯಲ್ಲಿ ಮಿತಿಯಿದ್ದಷ್ಟೂ ಖರ್ಚು ಏರಿದ್ದೇ ಸಾಲಕ್ಕೆ ಮೂಲವಾಗಿದ್ದರೆ, ಬರಿದಾದ 1,50,000ದ ಮಿತಿಯು ಮತ್ತೆ ತುಂಬಿಕೊಳ್ಳಲು ಬಹುಕಾಲ ಬೇಕಿಲ್ಲ. ಆಗ ಎರಡು ಸಾಲಗಳು ಜತೆಗೂಡಿ ಒಂದು ಸಂಸಾರದ ಮೇಲೆ ಎರಗುತ್ತವೆ. ಅಂಥವರು ಅಂಕದ ಚಿಂತೆಯನ್ನು ಬದಿಗಿಟ್ಟು ಕಾರ್ಡನ್ನು ಮುಚ್ಚಲಿ. ಇಳಿದ ಅಂಕವು ಹೊಸ ಬಾಕಿ ಕರಗಿದಂತೆಲ್ಲ ಚೇತರಿಸಿಕೊಳ್ಳುತ್ತದೆ.

ಮುಚ್ಚುವ ಕ್ರಮ ಈಗ ಮೊದಲಿನಷ್ಟು ಪ್ರಯಾಸಕರವಲ್ಲ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದಂತೆ, ಬಾಕಿಯೆಲ್ಲ ತೀರಿದ್ದರೆ ಕೋರಿಕೆ ಬಂದ 7 ಕೆಲಸದ ದಿನಗಳಲ್ಲಿ ಕಾರ್ಡನ್ನು ಮುಚ್ಚಬೇಕು; ತಪ್ಪಿದಲ್ಲಿ ವಿಳಂಬದ ಪ್ರತಿ ದಿನಕ್ಕೂ ಗ್ರಾಹಕನಿಗೆ 500 ರೂಪಾಯಿ ಸಲ್ಲಬೇಕು. ಮುಚ್ಚಿದ್ದಕ್ಕೆ ಲಿಖಿತ ದೃಢೀಕರಣವನ್ನು ಪಡೆದಿಟ್ಟುಕೊಂಡು, ಒಂದೆರಡು ತಿಂಗಳ ತರುವಾಯ, ಆ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕಾದ ವರದಿಯನ್ನು ತರಿಸಿ ನೋಡುವುದು ಲೇಸು. ಮುಚ್ಚಿದ ಕಾರ್ಡು ಅದರಲ್ಲಿ ಇನ್ನೂ ಚಾಲ್ತಿಯಲ್ಲಿರುವಂತೆ ಕಂಡರೆ ದೂರು ಸಲ್ಲಿಸಬೇಕು. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಪಡೆಯುವ ಹಕ್ಕು ದೂರುದಾರನಿಗಿದೆ.