ಚರ್ಚ್‌ನ ದತ್ತಿನಿಧಿ ಬರೀ ಎಫ್‌ಡಿಯಲ್ಲಿದ್ದರೆ ಸಾಕೇ? ಏನಿದು 'ಒಟ್ಟುಗೂಡಿಸಿದ ಹೂಡಿಕೆ', ಕಾನೂನು ಏನು ಹೇಳುತ್ತೆ? ಇಲ್ಲಿದೆ ವಿವರ

ಹೈದರಾಬಾದ್: ಹೈದರಾಬಾದ್‌ನಿಂದ ಸುಮಾರು 100 ಕಿ.ಮೀ. ದೂರದಲ್ಲಿರುವ ಮೆದಕ್ ಕ್ಯಾಥೆಡ್ರಲ್‌ಗೆ 2024ರ ಡಿಸೆಂಬರ್ 25ರಂದು ನೂರು ವರ್ಷ ತುಂಬಿತು. ಬರಗಾಲದಲ್ಲಿ ಹಸಿದವರಿಗೆ ಕೆಲಸ ಮತ್ತು ಊಟ ಕೊಟ್ಟು ಬ್ರಿಟಿಷ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಕಟ್ಟಿಸಿದ ಚರ್ಚ್ ಇದು. ಇಂಥ ಹಳೆಯ ಚರ್ಚ್‌ಗಳ ಮುಂದೆ ಈಗಿರುವ ಪ್ರಶ್ನೆ ಒಂದೇ. ಛಾವಣಿ ದುರಸ್ತಿ, ಹಾಸ್ಟೆಲ್ ಮಕ್ಕಳ ಶುಲ್ಕ, ನಿವೃತ್ತ ಪಾದ್ರಿಗಳ ಪಿಂಚಣಿಗೆ ಮುಂದಿನ ನೂರು ವರ್ಷ ಹಣ ಎಲ್ಲಿಂದ ಬರಬೇಕು?

ಭಾನುವಾರದ ಕಾಣಿಕೆ ತಿಂಗಳ ಖರ್ಚಿಗೇ ಸರಿಹೋಗುತ್ತದೆ. ದೀರ್ಘಕಾಲದ ಹೊಣೆಗೆ ಬೇಕಾಗುವುದು ದತ್ತಿನಿಧಿ.

ದತ್ತಿನಿಧಿಗೆ ಏನಾಗುತ್ತಿದೆ?

ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳ ಬಗ್ಗೆ ನೀವು ಕೇಳಿರಬಹುದು. ದಾನಿಗಳು ಕೊಟ್ಟ ಮೂಲಧನ ಹಾಗೇ ಇರುತ್ತದೆ, ಬಡ್ಡಿಯಲ್ಲಿ ಕಾರ್ಯಕ್ರಮ ನಡೆಯುತ್ತದೆ. ಚರ್ಚ್‌ಗಳಲ್ಲೂ ಇದೇ ಪದ್ಧತಿ. ತಂದೆ ತಾಯಿಯ ನೆನಪಿಗೆ ಯಾರೋ ಹಣ ಕೊಡುತ್ತಾರೆ, ಸಭೆ ಅದನ್ನು ಬ್ಯಾಂಕ್‌ನಲ್ಲಿ ಎಫ್‌ಡಿ ಇಡುತ್ತದೆ.

ಸಮಸ್ಯೆ ಇರುವುದು ಇಲ್ಲೇ. 10 ಲಕ್ಷ ರೂ. ಎಫ್‌ಡಿಗೆ ಶೇ.7ರಷ್ಟು ಬಡ್ಡಿ ಎಂದುಕೊಳ್ಳಿ. ವರ್ಷಕ್ಕೆ 70,000 ರೂ. ಬರುತ್ತದೆ. ಅಷ್ಟನ್ನೂ ಖರ್ಚು ಮಾಡಿದರೆ 20 ವರ್ಷದ ನಂತರವೂ ಪಾಸ್‌ಬುಕ್‌ನಲ್ಲಿ 10 ಲಕ್ಷವೇ ಇರುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ಶೇ.5ರಂತೆ ಏರಿದರೆ, ಆ ಹಣಕ್ಕೆ ಇಂದಿನ ಲೆಕ್ಕದಲ್ಲಿ ಸುಮಾರು 3.77 ಲಕ್ಷ ರೂ. ಬೆಲೆ ಮಾತ್ರ. ಹಣ ಕಳುವಾಗಿಲ್ಲ, ಆದರೂ ಅರ್ಧಕ್ಕಿಂತ ಹೆಚ್ಚು ಭಾಗ ಕರಗಿದೆ.

ಎಫ್‌ಡಿಗೂ ಅಪಾಯ ಇಲ್ಲದಿಲ್ಲ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕ್‌ನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ ಮಾತ್ರ ವಿಮೆ ಇದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಮೇಲೆ ಆರ್‌ಬಿಐ ನಿರ್ಬಂಧ ಹೇರಿದಾಗ ಠೇವಣಿದಾರರು ಪಟ್ಟ ಪಾಡು ಕನ್ನಡಿಗರಿಗೆ ನೆನಪಿದೆ.

ಒಟ್ಟುಗೂಡಿಸಿದರೆ ಏನಾಗುತ್ತದೆ?

ಹಲವು ಸಭೆಗಳು ತಮ್ಮ ದತ್ತಿ ಹಣವನ್ನು ಒಂದೇ ನಿಧಿಗೆ ಹಾಕಿ, ಪರಿಣತರ ಕೈಯಲ್ಲಿ ದೀರ್ಘಕಾಲಕ್ಕೆ ಹೂಡುವುದೇ ಈ ಪದ್ಧತಿ. ಲೆಕ್ಕ ಮ್ಯೂಚುವಲ್ ಫಂಡ್‌ನಂತೆಯೇ.

ಉದಾಹರಣೆಗೆ, ಮೂರು ಸಭೆಗಳು 10 ಲಕ್ಷ, 40 ಲಕ್ಷ, 50 ಲಕ್ಷ ರೂ. ಹಾಕಿದವು ಎನ್ನಿ. ಒಟ್ಟು 1 ಕೋಟಿ. ಒಂದು ಯೂನಿಟ್‌ಗೆ 100 ರೂ. ಎಂದರೆ ಅವುಗಳಿಗೆ ಕ್ರಮವಾಗಿ 10,000, 40,000, 50,000 ಯೂನಿಟ್ ಸಿಗುತ್ತದೆ. ವರ್ಷದ ನಂತರ ನಿಧಿ 1.08 ಕೋಟಿ ಆದರೆ ಯೂನಿಟ್ ಬೆಲೆ 108 ರೂ. ಆಗ 5.4 ಲಕ್ಷ ರೂ. ತಂದ ಹೊಸ ಸಭೆಗೆ 5,000 ಯೂನಿಟ್ ಸಿಗುತ್ತದೆ. ಹಣ ಒಂದೇ ಬುಟ್ಟಿಯಲ್ಲಿದ್ದರೂ ಯಾರ ಪಾಲು ಎಷ್ಟು ಎಂಬುದು ಸ್ಪಷ್ಟ.

ಖರ್ಚಿಗೂ ನಿಯಮ ಇರುತ್ತದೆ. ಬಂದಷ್ಟನ್ನೂ ಖರ್ಚು ಮಾಡದೆ, ಕಳೆದ ಮೂರು ವರ್ಷದ ಸರಾಸರಿ ಮೌಲ್ಯದ ಶೇ.4ರಷ್ಟನ್ನು ಮಾತ್ರ ತೆಗೆಯುವುದು ಇಂಥದ್ದೊಂದು ನಿಯಮ. ಮಾರುಕಟ್ಟೆ ಒಂದು ವರ್ಷ ಕುಸಿದರೂ ಹಾಸ್ಟೆಲ್ ಮಕ್ಕಳ ಶುಲ್ಕ ನಿಲ್ಲಬಾರದು ಎಂಬುದೇ ಇದರ ಉದ್ದೇಶ.

ಇಂಗ್ಲೆಂಡ್ ಕಲಿತ ಪಾಠ

ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ 1958ರ ಕಾನೂನಿನಡಿಯೇ ಇಂಥ ಸಾಮೂಹಿಕ ನಿಧಿ ಆರಂಭವಾಯಿತು. ಅದಕ್ಕೂ ಮುಂಚೆ, 1948ರಲ್ಲಿ ರಚನೆಯಾದ 'ಚರ್ಚ್ ಕಮಿಷನರ್ಸ್' ಸಂಸ್ಥೆ ಚರ್ಚ್‌ನ ಹಳೆಯ ದತ್ತಿಯನ್ನು ನೋಡಿಕೊಳ್ಳುತ್ತಿದೆ. ಇಂದು ಅದರ ನಿಧಿ 1,000 ಕೋಟಿ ಪೌಂಡ್ ದಾಟಿದೆ.

ಆದರೆ ಈ ಸಂಸ್ಥೆಯೂ ಎಡವಿತ್ತು. 1980ರ ದಶಕದ ಕೊನೆಯಲ್ಲಿ ಸಾಲ ಮಾಡಿ ರಿಯಲ್ ಎಸ್ಟೇಟ್‌ಗೆ ಹಣ ಹಾಕಿ, ಸುಮಾರು 80 ಕೋಟಿ ಪೌಂಡ್ ಮೌಲ್ಯ ಕಳೆದುಕೊಂಡಿತು. ಬಳಿಕ 1998ರಿಂದ ಮುಂದಿನ ಸೇವೆಗೆ ಪಾದ್ರಿಗಳ ಪಿಂಚಣಿಯ ಹೊಣೆ ಸ್ಥಳೀಯ ಡಯಾಸಿಸ್‌ಗಳ, ಅಂದರೆ ಕೊನೆಗೆ ಸಭೆಯ ಜನರ ಹೆಗಲೇರಿತು. ಒಟ್ಟು ನಿಧಿ ದೊಡ್ಡದಾದಷ್ಟೂ ತಪ್ಪಿನ ಬೆಲೆಯೂ ದೊಡ್ಡದು.

ಭಾರತದಲ್ಲಿ ಕಾನೂನು ಏನು?

ಚರ್ಚ್ ಟ್ರಸ್ಟ್‌ಗಳು ಎಲ್ಲೆಂದರಲ್ಲಿ ಹಣ ಹೂಡುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 11(5) ಇದಕ್ಕೊಂದು ಪಟ್ಟಿ ಕೊಟ್ಟಿತ್ತು. ಅಂಚೆ ಉಳಿತಾಯ, ಬ್ಯಾಂಕ್ ಠೇವಣಿ, ಸರ್ಕಾರಿ ಬಾಂಡ್, ಸ್ಥಿರಾಸ್ತಿ ಅದರಲ್ಲಿದ್ದವು. ನಿಯಮ 17ಸಿ ಅಡಿ ಮ್ಯೂಚುವಲ್ ಫಂಡ್‌ಗೂ ಅವಕಾಶವಿತ್ತು. ಖಾಸಗಿ ಕಂಪನಿಗಳ ಷೇರನ್ನು ನೇರವಾಗಿ ಕೊಂಡರೆ ತೆರಿಗೆ ವಿನಾಯಿತಿಗೆ ಕುತ್ತು. 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ನಿಗದಿಯಾದ 2025ರ ಹೊಸ ಕಾಯ್ದೆಯಲ್ಲೂ ಇಂಥ ಅನುಮತಿ ಪಟ್ಟಿ ಮುಂದುವರಿದಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗಿವೆ.

ಇನ್ನೊಂದು ಮುಖ್ಯ ನಿಯಮ, ವರ್ಷದ ಆದಾಯದ ಶೇ.85ರಷ್ಟನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು. ನಿರ್ದಿಷ್ಟ ಉದ್ದೇಶ ಘೋಷಿಸಿದರೆ 5 ವರ್ಷದವರೆಗೆ ಕೂಡಿಡಬಹುದು. ಹಾಗೆ ಘೋಷಿಸದಿದ್ದರೆ, ನಮ್ಮ ಉದಾಹರಣೆಯ 70,000 ರೂ. ಬಡ್ಡಿಯಲ್ಲಿ ಮೂಲಧನಕ್ಕೆ ಸೇರಿಸಬಹುದಾದದ್ದು 10,500 ರೂ. ಮಾತ್ರ. ಶೇ.5ರ ಬೆಲೆ ಏರಿಕೆ ಸರಿದೂಗಿಸಲು ಬೇಕಾದದ್ದು 50,000 ರೂ. ಮ್ಯೂಚುವಲ್ ಫಂಡ್‌ನಲ್ಲಾದರೆ ಯೂನಿಟ್ ಮಾರುವವರೆಗೆ ಬೆಳೆದ ಮೌಲ್ಯ ಆದಾಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಲ್ಲಿ ಮೌಲ್ಯ ಇಳಿಯುವ ಅಪಾಯವೂ ಇದೆ.

ವಿದೇಶಿ ದೇಣಿಗೆಯ ಕಥೆಯೇ ಬೇರೆ. ಎಫ್‌ಸಿಆರ್‌ಎ ನಿಯಮದ ಪ್ರಕಾರ ಆ ಹಣವನ್ನು ಷೇರು, ಮ್ಯೂಚುವಲ್ ಫಂಡ್‌ಗೆ ಹಾಕುವಂತಿಲ್ಲ. 2020ರ ತಿದ್ದುಪಡಿಯ ನಂತರ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಹಾಗಾಗಿ ಒಟ್ಟು ನಿಧಿಗೆ ಬರಬೇಕಾದದ್ದು ಇಲ್ಲಿಯ ಜನರ ಹಣವೇ.

ದಕ್ಷಿಣ ಭಾರತ ಸಭೆ (ಸಿಎಸ್‌ಐ) ಉದಾಹರಣೆ ನೋಡಿ. ಹೈದರಾಬಾದ್ ಇರುವ ಮೆದಕ್ ಡಯಾಸಿಸ್ ಮತ್ತು ಕರ್ನಾಟಕದ ಮೂರು ಡಯಾಸಿಸ್‌ಗಳು ಇದರ ಭಾಗ. ಆಸ್ತಿ ನೋಡಿಕೊಳ್ಳಲು 1947ರಲ್ಲೇ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ಲಾಭರಹಿತ ಕಂಪನಿ ನೋಂದಣಿಯಾಯಿತು. ಒಂದೇ ನೋಂದಾಯಿತ ಸಂಸ್ಥೆಯಡಿ ಇರುವ ಸಭೆಗಳಿಗೆ ಹಣ ಒಟ್ಟುಗೂಡಿಸುವುದು ಬಹುಮಟ್ಟಿಗೆ ಲೆಕ್ಕಪತ್ರದ ಕೆಲಸ. ಬೇರೆ ಬೇರೆ ಟ್ರಸ್ಟ್‌ಗಳಾದರೆ ಮೂಲಧನ ವರ್ಗಾಯಿಸುವ ಮುನ್ನ ಲೆಕ್ಕ ಪರಿಶೋಧಕರ ಸಲಹೆ ಬೇಕೇ ಬೇಕು.

ದೇಗುಲಗಳ ನಿಧಿಯಂತೆಯೇ?

ಅಲ್ಲ. ಕರ್ನಾಟಕದ ಮುಜರಾಯಿ ದೇವಾಲಯಗಳ ಸಾಮಾನ್ಯ ಸಂಗ್ರಹಣಾ ನಿಧಿಯಲ್ಲಿ ಹೆಚ್ಚು ಆದಾಯದ ದೇಗುಲ ಕೊಟ್ಟ ಹಣ ಸಣ್ಣ ದೇಗುಲಗಳ ನೆರವಿಗೆ ಹೋಗುತ್ತದೆ. ಒಟ್ಟುಗೂಡಿಸಿದ ಹೂಡಿಕೆಯಲ್ಲಿ ಹಾಗಲ್ಲ, ಹಾಕಿದವರ ಪಾಲು ಹಾಕಿದವರದ್ದೇ.

ಸಭೆಯ ಸದಸ್ಯರು ಏನು ಕೇಳಬೇಕು?

* ದಾನಿ ಬರೆದುಕೊಟ್ಟ ಉದ್ದೇಶಕ್ಕೇ ಹಣ ಹೋಗುತ್ತಿದೆಯೇ?
* ಪ್ರತಿ ಸಭೆಯ ಯೂನಿಟ್ ಮತ್ತು ಮೌಲ್ಯವನ್ನು ವರ್ಷಕ್ಕೊಮ್ಮೆ ಪ್ರಕಟಿಸುತ್ತಾರೆಯೇ?
* ಹೂಡಿಕೆ ಸಮಿತಿಯಲ್ಲಿ ಯಾರಿದ್ದಾರೆ? ಅವರ ಆಪ್ತರ ಸಂಸ್ಥೆಗೆ ಹಣ ಹೋಗುತ್ತಿಲ್ಲ ತಾನೆ?
* ಸ್ವತಂತ್ರ ಆಡಿಟ್ ನಡೆದಿದೆಯೇ?
* ಬೇಕೆಂದಾಗ ಸಭೆ ತನ್ನ ಪಾಲು ಹಿಂಪಡೆಯಬಹುದೇ?

ಈ ಐದಕ್ಕೆ ಲಿಖಿತ ಉತ್ತರ ಸಿಗದಿದ್ದರೆ ಎಷ್ಟೇ ಲಾಭ ತೋರಿಸಿದರೂ ಆತುರ ಬೇಡ. ದತ್ತಿ ಕೊಟ್ಟವರಲ್ಲಿ ಹಲವರು ಇಂದು ಲೆಕ್ಕ ಕೇಳಲು ಬದುಕಿಲ್ಲ. ಅವರ ಪರವಾಗಿ ಕೇಳಬೇಕಾದವರು ಇಂದಿನ ಸದಸ್ಯರೇ.