ಲಾಸ್ಟ್ ಡೇಟ್ ನಾಳೆ, ಅಸೈನ್‌ಮೆಂಟ್ ಅರ್ಧ: ಟೈಮ್ ಕೇಳೋದು ಹೇಗೆ?

ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ

ನಮಸ್ಕಾರ. ಬಸ್ಸಲ್ಲಿ ನಿಂತು ಕೇಳ್ತಿರೋರಿಗೂ, ರಾತ್ರಿ ಹನ್ನೊಂದಕ್ಕೆ ಕೂತು ಅಸೈನ್‌ಮೆಂಟ್ ಬರೀತಾ ಕೇಳ್ತಿರೋರಿಗೂ. ಇವತ್ತಿನ ಎಪಿಸೋಡ್ ಆ ಎರಡನೇ ಗುಂಪಿನವರಿಗೆ. ಟೈಮಿಗೆ ಮುಗಿಯಲ್ಲ ಅಂತ ಗೊತ್ತಾದಾಗ ಇನ್ನೆರಡು ದಿನ ಕೇಳೋದು ಹೇಗೆ?

ಮೊದಲು ನನ್ನ ಕಥೆ. ಬಿ.ಕಾಂ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಬೈಕಿಂದ ಬಿದ್ದು ಕಾಲು ಮುರ್ಕೊಂಡ್ರು. ನಾಲ್ಕು ರಾತ್ರಿ ನಾನು ಆಸ್ಪತ್ರೆಯಲ್ಲೇ. ಕಾರ್ಪೊರೇಟ್ ಅಕೌಂಟಿಂಗ್ ಅಸೈನ್‌ಮೆಂಟ್ ಕೊಡಬೇಕಿದ್ದ ಸೋಮವಾರವೂ ಅದರಲ್ಲೇ ಕಳೆದುಹೋಯ್ತು. ಯಾರಿಗೂ ಹೇಳಲಿಲ್ಲ. ಮನೆ ಕಷ್ಟ ಹೇಳ್ಕೊಂಡು ಟೈಮ್ ಕೇಳೋದು ಭಿಕ್ಷೆ ಬೇಡಿದ ಹಾಗೆ ಅನ್ನಿಸಿತ್ತು. ಗುರುವಾರ ಬರೆದು ಮುಗಿಸಿ ತಗೊಂಡು ಹೋದೆ. ಮೇಡಂ ಪುಟ ತಿರುವಿ ನೋಡಿದ್ರು. "ಚೆನ್ನಾಗಿ ಬರ್ದಿದೀಯ ಕಣೋ. ಆದರೆ ನಿನ್ನೆ ಸಂಜೆ ಮಾರ್ಕ್ಸ್ ಲಿಸ್ಟ್ ಕಳಿಸಿಬಿಟ್ಟೆ. ಸೋಮವಾರ ಒಂದು ಫೋನ್ ಮಾಡಿದ್ದಿದ್ರೆ ನಿನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿರ್ತಿದ್ದೆ" ಅಂದ್ರು.

ಅವರು ಹೇಳಿದ್ದರ ಅರ್ಥ ನನಗೆ ಪೂರ್ತಿ ಆಗಿದ್ದು ಆಮೇಲೆ. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಲಾಸ್ಟ್ ಡೇಟ್ ಒಂದಲ್ಲ, ಎರಡು

ನಾವು ಅಸೈನ್‌ಮೆಂಟ್ ಕೊಟ್ಟ ಮೇಲೆ ಏನಾಗತ್ತೆ? ಲೆಕ್ಚರರ್ ತಿದ್ದಬೇಕು, ಟೆಸ್ಟ್ ಮಾರ್ಕ್ಸ್ ಜೊತೆ ಕೂಡಿಸಬೇಕು, ಪಟ್ಟಿಗೆ ಸಹಿ ಆಗಬೇಕು, ಆಮೇಲೆ ಅದು ಯೂನಿವರ್ಸಿಟಿಗೆ ಹೋಗಬೇಕು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳಲ್ಲಿ ಈಗ ಇದಕ್ಕೆಲ್ಲ ಯುಯುಸಿಎಂಎಸ್ ಪೋರ್ಟಲ್ ಇದೆ, ನೀವೂ ಅಡ್ಮಿಷನ್‌ಗೆ ಅದನ್ನ ಬಳಸಿರ್ತೀರ. ಮಾರ್ಕ್ಸ್ ತುಂಬೋಕೂ ಒಂದು ಕೊನೆ ದಿನ ಇರತ್ತೆ.

ಅಂದ್ರೆ, ಕ್ಲಾಸಲ್ಲಿ ಹೇಳಿದ ಡೇಟ್ ಲೆಕ್ಚರರದ್ದು. ಅದನ್ನ ಅವರು ಸ್ವಲ್ಪ ಸರಿಸಬಹುದು. ಮಾರ್ಕ್ಸ್ ಕಳಿಸೋ ಡೇಟ್ ಯೂನಿವರ್ಸಿಟಿದು. ಅದು ಅವರ ಕೈಲಿಲ್ಲ. ನೀವು ಕೇಳೋ ಟೈಮ್ ಇವೆರಡರ ನಡುವೆ ಹಿಡಿಸಬೇಕು. ಸೆಮಿಸ್ಟರ್ ಮಧ್ಯದಲ್ಲಾದ್ರೆ ಆ ಜಾಗ ದೊಡ್ಡದಿರತ್ತೆ. ಪರೀಕ್ಷೆ ಹತ್ತಿರ ಬಂದ್ರೆ ಒಂದೆರಡು ದಿನ ಸಿಕ್ಕಿದ್ರೆ ಹೆಚ್ಚು. ಹಾಗಾಗಿ ಮೊದಲು ಕೇಳಬೇಕಾದ್ದು, "ಮೇಡಂ, ಮಾರ್ಕ್ಸ್ ಯಾವತ್ತು ಕಳಿಸ್ತೀರ?"

ಐದು ಮಾರ್ಕ್ಸ್ ತಾನೇ ಅಂತ ಬಿಡಬೇಡಿ

ಎನ್‌ಇಪಿ ಪಠ್ಯಕ್ರಮದಲ್ಲಿ ಥಿಯರಿ ಪೇಪರಿಗೆ 60 ಪರೀಕ್ಷೆ, 40 ಇಂಟರ್ನಲ್ಸ್ ಇತ್ತು. 2024-25ರಿಂದ ಪದವಿಗೆ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿ ಬಂದು ಅದು 80 ಮತ್ತು 20 ಆಯ್ತು. ಇಂಟರ್ನಲ್ಸ್ ಪಾಲು ಸಣ್ಣದಾಯ್ತು ನಿಜ. ಆದರೆ ಪರೀಕ್ಷೆ ಕೈಕೊಟ್ರೆ ಮತ್ತೆ ಬರೀಬಹುದು. ಇಂಟರ್ನಲ್ಸ್ ಸಾಮಾನ್ಯವಾಗಿ ಮತ್ತೆ ಸಿಗಲ್ಲ, ಹಳೇ ಮಾರ್ಕ್ಸೇ ಮುಂದುವರಿಯತ್ತೆ.

ಕೇಳೋದು ಹೇಗೆ?

"ಸರ್ ಪ್ಲೀಸ್ ಸರ್, ಸ್ವಲ್ಪ ಟೈಮ್ ಕೊಡಿ ಸರ್." ರಾತ್ರಿ 11:40ಕ್ಕೆ ಹೀಗೆ ವಾಟ್ಸಾಪ್ ಮಾಡಿದ್ರೆ, ಬೆಳಿಗ್ಗೆ ನೋಡಿದವರಿಗೆ ನೀವು ಯಾರು, ಯಾವ ಸೆಕ್ಷನ್, ಎಷ್ಟು ದಿನ ಬೇಕು, ಒಂದೂ ಗೊತ್ತಾಗಲ್ಲ. ಅದರ ಬದಲು ಹೀಗೆ ಬರೀರಿ:

"ನಮಸ್ಕಾರ ಸರ್. ನಾನು ಮೂರನೇ ಸೆಮ್ ಬಿ.ಕಾಂ, ಬಿ ಸೆಕ್ಷನ್, ರೋಲ್ ನಂಬರ್ 42. ಶುಕ್ರವಾರ ಕೊಡಬೇಕಾದ ಕಾಸ್ಟಿಂಗ್ ಅಸೈನ್‌ಮೆಂಟ್‌ನಲ್ಲಿ ಐದು ಲೆಕ್ಕಗಳಲ್ಲಿ ಮೂರು ಮುಗಿದಿವೆ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ನಾನೇ ಇರಬೇಕು. ಸೋಮವಾರ ಬೆಳಿಗ್ಗೆ 10 ಗಂಟೆಗೆ ತಂದುಕೊಡಲು ಅವಕಾಶ ಕೊಡ್ತೀರಾ? ಆಗಲ್ಲ ಅಂದ್ರೆ ಮುಗಿದಷ್ಟನ್ನ ಶುಕ್ರವಾರವೇ ಕೊಡ್ತೀನಿ."

ಇದರಲ್ಲಿ ಮುಖ್ಯವಾದ್ದು ನಾಲ್ಕು: ನೀವು ಯಾರು, ಎಷ್ಟು ಮುಗಿದಿದೆ, ಕಾರಣ ಒಂದೇ ಸಾಲಲ್ಲಿ, ಕೊಡೋ ದಿನ ಮತ್ತು ಗಂಟೆ. "ಸ್ವಲ್ಪ ಟೈಮ್" ಅಂದ್ರೆ ಲೆಕ್ಚರರ್ ಲೆಕ್ಕ ಹಾಕ್ಬೇಕು. "ಸೋಮವಾರ 10 ಗಂಟೆ" ಅಂದ್ರೆ ಹೂಂ ಅಥವಾ ಉಹೂಂ ಅಂದ್ರೆ ಸಾಕು. ಕೇಳಿದ್ದಕ್ಕಿಂತ ಒಂದು ದಿನ ಮೊದಲೇ ಕೊಟ್ರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ.

ಒಂದು ಎಚ್ಚರಿಕೆ. ಪ್ರತಿ ಸೆಮಿಸ್ಟರ್ ಅಜ್ಜಿ ತೀರಿಕೊಳ್ಳೋದು ಲೆಕ್ಚರರ್‌ಗಳಿಗೆ ಹೊಸದಲ್ಲ. ನೆಟ್ಟಗೆ "ಪ್ಲಾನ್ ಮಾಡೋದ್ರಲ್ಲಿ ತಪ್ಪಿದೆ ಸರ್" ಅಂತ ಹೇಳಿ ಬೈಸಿಕೊಳ್ಳೋದು ವಾಸಿ. ಆಸ್ಪತ್ರೆ ವಿಷಯ ನಿಜವಾಗಿದ್ರೆ ಚೀಟಿ ಎತ್ತಿಟ್ಟುಕೊಳ್ಳಿ.

ಒಬ್ಬರದ್ದಾ, ಇಡೀ ಕ್ಲಾಸಿನದ್ದಾ?

ಒಂದೇ ದಿನ ಮೂರು ಪೇಪರಿನ ಅಸೈನ್‌ಮೆಂಟ್ ಬಿದ್ದಿದ್ರೆ ಒಬ್ಬೊಬ್ಬರೇ ಹೋಗಬೇಡಿ. ಸಿಆರ್ ಮೂಲಕ ಒಂದು ಪತ್ರ ಕೊಡಿ, ಮೂರೂ ಡೇಟ್ ಅದರಲ್ಲಿ ಬರೀರಿ.

ಇಗ್ನೋದಲ್ಲಿ ಓದ್ತಿರೋರ ದಾರಿ ಬೇರೆ. ಅಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ ಶೇ. 30, ಪರೀಕ್ಷೆಗೆ ಶೇ. 70. ಡೇಟ್ ಮುಂದೆ ಹೋದ್ರೆ ನೋಟಿಸ್ ಬಂದು ಎಲ್ಲರಿಗೂ ಒಟ್ಟಿಗೇ ಹೋಗತ್ತೆ. 2025ರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಡೇಟ್ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಆಮೇಲೆ ಇನ್ನೂ ಒಂದು ದಿನ ಮುಂದೆ ಹೋಯ್ತಲ್ಲ, ಹಾಗೆ. ಆದರೆ ಹೋದ ಸಲ ಮುಂದೆ ಹಾಕಿದ್ರು, ಈ ಸಲವೂ ಹಾಕ್ತಾರೆ ಅಂತ ಕಾಯೋದು ಜೂಜು.

ಆಗಲ್ಲ ಅಂದ್ರೆ?

ವಾದ ಬೇಡ. "ಸರಿ ಸರ್" ಅಂದು ಮುಗಿದಷ್ಟನ್ನ ಕೊಡಿ. ಐದರಲ್ಲಿ ಮೂರು ಲೆಕ್ಕಕ್ಕೆ ಏನಾದ್ರೂ ಬರತ್ತೆ, ಕೊಡದೇ ಇದ್ದಿದ್ದಕ್ಕೆ ಸೊನ್ನೆ.

ಕೊನೆಗೆ ಒಂದು ಮಾತು. ನಮ್ಮ ಕ್ಲಾಸಲ್ಲಿ ಸುಮ್‌ಸುಮ್ಮನೆ ಟೈಮ್ ಕೇಳೋರು ಆರಾಮಾಗಿ ಕೇಳ್ತಿದ್ರು. ಮನೇಲಿ ನಿಜವಾಗಿ ಕಷ್ಟ ಇದ್ದ ನಮ್ಮಂಥವರೇ ಬಾಯಿ ಬಿಡ್ತಿರಲಿಲ್ಲ. ಇವತ್ತು ಆಸ್ಪತ್ರೆ ಕಾರಿಡಾರಲ್ಲಿ ಕೂತು ಇದನ್ನ ಯಾರಾದ್ರೂ ಕೇಳ್ತಿದ್ರೆ, ಎಪಿಸೋಡ್ ಇಲ್ಲಿಗೇ ನಿಲ್ಲಿಸಿ ಆ ಮೆಸೇಜ್ ಕಳಿಸಿ. ಮೇಡಂ ಇನ್ನೂ ಲಿಸ್ಟ್ ಕಳಿಸಿರಲಿಕ್ಕಿಲ್ಲ.

ಮುಂದಿನ ವಾರ ಸಿಗೋಣ.